ತವರಿನ ಪ್ರೇಕ್ಷಕರೇ ‘ಬೂ’ ಎಂದು ಕೂಗಿದರೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ನಮಸ್ಕಾರ. ಫುಟ್‌ಬಾಲ್ ವರದಿಗಳನ್ನು ಕನ್ನಡಕ್ಕೆ ತರುವಾಗ ಪದೇಪದೇ ಕಾಡುವ ಒಂದು ತೊಡಕು. ತಂಡ ತನ್ನದೇ ಮೈದಾನದಲ್ಲಿ ಆಡುತ್ತಿದೆ, ಟಿಕೆಟ್ ಕೊಂಡು ಕೂತವರು ಅದರದೇ ಅಭಿಮಾನಿಗಳು. ಆಟ ಹಿಡಿಸದೆ ಅವರೇ ‘ಬೂ’ ಎಂದು ಕೂಗುತ್ತಾರೆ. ಇಂಗ್ಲಿಷ್ ಸುದ್ದಿಪ್ರತಿಗಳಲ್ಲಿ ಇದಕ್ಕೆ ಒಂದೇ ಕ್ರಿಯಾಪದ. ಕನ್ನಡದಲ್ಲಿ ಗೇಲಿ ಮಾಡಿದರು, ಅಣಕಿಸಿದರು, ಹೀಯಾಳಿಸಿದರು, ಮೂದಲಿಸಿದರು, ಛೀಮಾರಿ ಹಾಕಿದರು, ಧಿಕ್ಕಾರ ಕೂಗಿದರು ಎಂದು ಕೈಗೆ ಸಿಕ್ಕಿದ್ದನ್ನು ಹಾಕುತ್ತೇವೆ. ಯಾವುದೂ ಒಪ್ಪುವಂತೆ ಕೂರುತ್ತಿಲ್ಲ. ಕರಡಿನ ನಾಲ್ಕು ವಾಕ್ಯಗಳನ್ನು ಇದ್ದ ಹಾಗೇ ಕೊಡುತ್ತಿದ್ದೇನೆ:

ಅ. 2022ರ ಮಾರ್ಚ್ 13ರಂದು ಬೋರ್ಡೊ ವಿರುದ್ಧದ ಪಂದ್ಯದಲ್ಲಿ ಮೆಸ್ಸಿ, ನೇಮಾರ್ ಅವರನ್ನು ಪಿಎಸ್‌ಜಿ ಅಭಿಮಾನಿಗಳು ಸಿಳ್ಳೆ ಹೊಡೆದು ಬರಮಾಡಿಕೊಂಡರು.

ಆ. 2019ರ ಅಕ್ಟೋಬರ್ 27ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಆರ್ಸೆನಲ್ ನಾಯಕ ಝಾಕಾ ಅವರನ್ನು ಪ್ರೇಕ್ಷಕರು ಗೇಲಿ ಮಾಡಿ ಮೈದಾನದಿಂದ ಓಡಿಸಿದರು.

ಇ. 2010ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಜತೆ ಡ್ರಾ ಆದಾಗ ತವರಿನ ಪ್ರೇಕ್ಷಕರು ಅಣಕಿಸಿದ್ದಕ್ಕೆ ರೂನಿ ಸಿಟ್ಟಾದರು.

ಈ. 2021ರ ಅಕ್ಟೋಬರ್ 30ರಂದು ಬದಲಿಯಾಗಿ ಇಳಿದ ಬರ್ಗ್‌ವೈನ್‌ಗೆ ಟಾಟನಮ್ ಅಭಿಮಾನಿಗಳು ಛೀಮಾರಿ ಹಾಕಿದರು.

‘ಇ’ಯಲ್ಲಿ ಇನ್ನೊಂದು ಅನುಮಾನ: ರೂನಿಯ ಇಂಗ್ಲೆಂಡ್ ತಂಡದ ಆ ಪಂದ್ಯ ನಡೆದದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಅಲ್ಲಿ ‘ತವರಿನ ಪ್ರೇಕ್ಷಕರು’ ಎನ್ನಬಹುದೇ?

ಉತ್ತರ 1

ಕೂಗಿದವರು ಯಾರ ಕಡೆಯವರು ಎಂಬುದನ್ನು ಮೊದಲು ನೋಡಿ, ಅರ್ಧ ತೊಡಕು ಅಲ್ಲೇ ಬಿಡುತ್ತದೆ. ಗೇಲಿ, ಲೇವಡಿ, ಅಣಕ ಈ ಮೂರರಲ್ಲೂ ನಗು ಇದೆ. ಎದುರು ತಂಡದ ಗೋಲ್‌ಕೀಪರ್ ಕೈಜಾರಿ ಚೆಂಡು ಬಿಟ್ಟಾಗ ಕುಣಿಯುವವರು ಮಾಡುವುದು ಗೇಲಿ. ತನ್ನ ತಂಡ ಸೊನ್ನೆಗೆ ಸೊನ್ನೆಯಲ್ಲಿ ತೆವಳುತ್ತಿರುವಾಗ ಕೂಗುವವನಿಗೆ ನಗು ಬಂದಿರುವುದಿಲ್ಲ, ಹೊಟ್ಟೆ ಉರಿದಿರುತ್ತದೆ. ಅಣಕಕ್ಕಂತೂ ಎದುರಿನವರ ಮಾತನ್ನೋ ನಡೆಯನ್ನೋ ನಕಲು ಮಾಡಬೇಕು. ಬೂ ಎಂಬುದರಲ್ಲಿ ನಕಲು ಎಲ್ಲಿದೆ?

ಹೀಯಾಳಿಸುವುದು ಮೇಲೆ ನಿಂತು ಕೀಳು ಮಾಡುವುದು. ಮೂದಲಿಸಲು ಮಾತು ಬೇಕು: ಕಾವ್ಯಗಳ ಯುದ್ಧಪ್ರಸಂಗಗಳಲ್ಲಿ ಮೂದಲೆ ಪದ್ಯಗಟ್ಟಲೆ ಹರಿಯುತ್ತದೆ, ಸ್ವಂತ ಕಡೆಯವರನ್ನೂ ಕೆಣಕಿ ಎಬ್ಬಿಸುತ್ತದೆ. ಭಾವದಲ್ಲಿ ಇದು ಹತ್ತಿರ, ಆದರೆ ಬೂ ಬರೀ ಸದ್ದು, ಮಾತಲ್ಲ. ಛೀಮಾರಿಯನ್ನು ನಮ್ಮ ಪತ್ರಿಕೆಗಳು ಹೈಕೋರ್ಟಿಗೆ ಬರೆದುಕೊಟ್ಟು ಬಹಳ ಕಾಲವಾಯಿತು. ಧಿಕ್ಕಾರ ಎಂದರೆ ಹೆಸರು ಹಿಡಿದು ಕೂಗುವ ಘೋಷಣೆ. ಅದಕ್ಕೂ ಫುಟ್‌ಬಾಲ್‌ನಲ್ಲಿ ಜಾಗವಿದೆ, ಇಲ್ಲಿ ಅಲ್ಲ.

ಆಡುಮಾತಿನ ‘ಬೈಯುವುದು’ ಪದದಲ್ಲಿ ಸಲಿಗೆ ಇದೆ, ನಮ್ಮವರನ್ನು ನಾವು ಬೈಯುತ್ತೇವೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಖಾಲಿ ಕುರ್ಚಿಗಳ ಮುಂದೆ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದ ಮೇಲೆ ಸುನಿಲ್ ಛೆಟ್ರಿ ವಿಡಿಯೊದಲ್ಲಿ ಬೇಡಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ: ಟೀಕಿಸಿ, ಬೈಯಿರಿ, ಆದರೆ ಮೈದಾನಕ್ಕೆ ಬಂದು ಮುಖಕ್ಕೇ ಬೈಯಿರಿ. ಅಲ್ಲಿ ಬೈಯುವುದು ಸರಿಯಾದ ಪದ. ಬೂಗೆ ಅದನ್ನೂ ಹಾಕಲಾಗದು, ಓದುಗ ಅವಾಚ್ಯ ಶಬ್ದ ಎಂದುಕೊಳ್ಳುತ್ತಾನೆ.

ಹಾಗಾಗಿ ‘ಬೂ ಎಂದು ಕೂಗಿದರು’ ಎಂದೇ ಬರೆಯಿರಿ. ಐಪಿಎಲ್ ನೋಡುವವರಿಗೆ ಇದು ಹೊಸದಲ್ಲ. 2024ರಲ್ಲಿ ವಾಂಖೆಡೆಯಲ್ಲಿ ಮುಂಬೈ ಅಭಿಮಾನಿಗಳೇ ಹಾರ್ದಿಕ್ ಪಾಂಡ್ಯಗೆ ಬೂ ಎಂದಾಗ, ಎದುರು ತಂಡವಾದ ಆರ್‌ಸಿಬಿಯ ಕೊಹ್ಲಿ ನಿಲ್ಲಿಸುವಂತೆ ಕೈಸನ್ನೆ ಮಾಡಿದ್ದು ಎಲ್ಲರಿಗೂ ನೆನಪಿದೆ. ‘ತವರಿನವರು ಬೂ ಎಂದರು’ ಬರೀ ವರದಿ. ‘ತವರಿನವರೇ ಬೂ ಎಂದರು’ ಎಂದರೆ ಸುದ್ದಿಯ ಚುರುಕು ಬಂತು. ನಮ್ಮ ಅವಧಾರಣೆಯ ಏಕಾರ ಇಷ್ಟು ಕೆಲಸ ಮಾಡುತ್ತಿರುವಾಗ ಹೊಸ ಕ್ರಿಯಾಪದ ಹುಡುಕುವುದೇಕೆ?

ಉತ್ತರ 2

‘ಅ’ ವಾಕ್ಯ ಅರ್ಥವನ್ನೇ ತಲೆಕೆಳಗು ಮಾಡಿದೆ, ಅದನ್ನು ಮೊದಲು ತಿದ್ದಬೇಕು.

ಇಂಗ್ಲೆಂಡಿನ ಗ್ಯಾಲರಿಯಲ್ಲಿ ಅಸಮಾಧಾನದ ಸದ್ದು ಬೂ. ಇಂಗ್ಲಿಷ್ ಕಡಲ್ಗಾಲುವೆ ದಾಟಿದರೆ ಸಿಳ್ಳೆ. ಫ್ರೆಂಚರ ಸಿಫ್ಲೆ, ಇಟಲಿಯವರ ಫಿಸ್ಕಿ, ಸ್ಪೇನಿನವರ ಪಿತೋಸ್, ಜರ್ಮನರ ಪ್ಫಿಫೆ, ಎಲ್ಲವೂ ಸಿಳ್ಳೆಯೇ, ಎಲ್ಲವೂ ಬೈಗುಳವೇ. ಕನ್ನಡದಲ್ಲಿ ಸಿಳ್ಳೆ ಎಂದರೆ ನಾಯಕನ ಎಂಟ್ರಿಗೆ ಟಾಕೀಸಿನಲ್ಲಿ ಬೀಳುವ ಮೆಚ್ಚುಗೆ. ಉತ್ತರ ಕರ್ನಾಟಕದ ಸೀಟಿಯೂ ಅದೇ. ಆದ್ದರಿಂದ ‘ಮೆಸ್ಸಿಗೆ ಸಿಳ್ಳೆ ಹೊಡೆದರು’ ಎಂದು ಓದಿದವನು ಪಿಎಸ್‌ಜಿಯ ಊರು ಪ್ಯಾರಿಸ್ ಕುಣಿದಾಡಿತು ಎಂದುಕೊಳ್ಳುತ್ತಾನೆ. ಆದದ್ದು ಬೇರೆ. ನಾಲ್ಕು ದಿನ ಮೊದಲು ಮ್ಯಾಡ್ರಿಡ್‌ನಲ್ಲಿ ರಿಯಲ್ ಎದುರು ಸೋತು ಪಿಎಸ್‌ಜಿ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿದ್ದಿತ್ತು. ಬೋರ್ಡೊ ಪಂದ್ಯದಲ್ಲಿ ಮೆಸ್ಸಿ, ನೇಮಾರ್ ಚೆಂಡು ಮುಟ್ಟಿದಾಗೆಲ್ಲ ಸಿಳ್ಳೆ ಬಿತ್ತು, ಎಂಬಾಪೆಯನ್ನು ಮಾತ್ರ ಬಿಟ್ಟರು. ತಂಡ ಗೆದ್ದದ್ದು 3-0ಯಿಂದ, ನೇಮಾರ್ ಗೋಲು ಹೊಡೆದರೂ ಸಿಟ್ಟು ಇಳಿಯಲಿಲ್ಲ.

ನಿಯಮ ಸರಳ: ಯುರೋಪಿನ ಸಿಳ್ಳೆಯನ್ನು ಕನ್ನಡದಲ್ಲಿ ಒಂಟಿಯಾಗಿ ಬಿಡಬೇಡಿ. ‘ಸಿಟ್ಟಿನ ಸಿಳ್ಳೆ’, ‘ಸಿಳ್ಳೆ ಹೊಡೆದು ಅಸಮಾಧಾನ ತೋರಿದರು’ ಎಂದು ಒಂದು ಪದ ಜೋಡಿಸಿ. ಸಿಳ್ಳೆ ಸುದ್ದಿಗೆ ಮುಖ್ಯವಲ್ಲದಿದ್ದರೆ ‘ಬೂ’ ಎಂದೇ ಬರೆದರೂ ಮೋಸವಿಲ್ಲ. 2019ರ ನವೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂನಲ್ಲಿ ಅದರದೇ ಆಟಗಾರ ಗ್ಯಾರೆತ್ ಬೇಲ್ ಬದಲಿಯಾಗಿ ಇಳಿದಾಗ ಕೇಳಿದ್ದೂ ಇದೇ ಬಗೆಯ ಸಿಳ್ಳೆ. ವೇಲ್ಸ್, ಗಾಲ್ಫ್, ಮ್ಯಾಡ್ರಿಡ್ ಎಂದು ಕ್ಲಬ್ಬನ್ನು ಕೊನೆಗಿಟ್ಟು ಬರೆದ ಬಾವುಟದ ಹಿಂದೆ ಅವನು ತನ್ನ ದೇಶ ವೇಲ್ಸ್‌ನ ತಂಡದ ಜತೆ ಕುಣಿದ ವಾರವದು.

ಇನ್ನೊಂದು ಬಲೆ ಇದೆ. ತವರಿನ ತಂಡ ಒಂದೇ ಗೋಲಿನಿಂದ ಮುಂದಿದ್ದು, 90 ನಿಮಿಷ ಮುಗಿದು ಹೆಚ್ಚುವರಿ ಸಮಯ ಓಡುತ್ತಿದ್ದರೆ ಇಡೀ ಮೈದಾನ ಸಿಳ್ಳೆ ಹೊಡೆಯುತ್ತದೆ, ಇಂಗ್ಲೆಂಡಿನಲ್ಲೂ. ಅದು ಆಟಗಾರರಿಗಲ್ಲ. ‘ಸಾಕು, ಮುಗಿಸಪ್ಪಾ’ ಎಂದು ರೆಫ್ರಿಗೆ. ಗಡಿಯಾರ, ಸ್ಕೋರು ನೋಡದೆ ಸಿಳ್ಳೆಯನ್ನು ಅನುವಾದಿಸಲು ಹೋಗಬಾರದು.

ಸ್ಪೇನಿನಲ್ಲಿ ಬಿಳಿ ಕರವಸ್ತ್ರವೂ ಇದೆ, ಪಾನ್ಯೊಲಾದ ಎನ್ನುತ್ತಾರೆ. ಗೂಳಿಕಾಳಗದ ಕಣದಲ್ಲಿ ಕರವಸ್ತ್ರ ಬೀಸಿದರೆ ಕಾಳಗದವನಿಗೆ ಬಹುಮಾನ ಕೊಡಿ ಎಂದು ಅರ್ಥ. ಫುಟ್‌ಬಾಲ್ ಮೈದಾನದಲ್ಲಿ ಹೆಚ್ಚಾಗಿ ಅದು ಆಡಳಿತ ಮಂಡಳಿ ಕೂರುವ ಕಡೆಗೆ ಬೀಸುವ ಸಿಟ್ಟು. ‘ಕರವಸ್ತ್ರ ಬೀಸಿ ಬೀಳ್ಕೊಟ್ಟರು’ ಎಂದು ಬರೆದರೆ ಮತ್ತೆ ತಲೆಕೆಳಗು.

ಉತ್ತರ 3

ಯಾವಾಗ ಕೂಗಿದರು, ಯಾರಿಗೆ ಕೂಗಿದರು ಎಂಬೆರಡು ಗೊತ್ತಾಗದೆ ಪದ ಆರಿಸಲು ಆಗುವುದಿಲ್ಲ.

ಇಡೀ ತಂಡಕ್ಕೆ ಬೂ ಬೀಳುವುದು ವಿರಾಮದ ಸೀಟಿ ಅಥವಾ ಕೊನೆಯ ಸೀಟಿ ಊದಿದ ಕೂಡಲೇ. ಆಟಗಾರರು ಸುರಂಗದೊಳಗೆ ಮರೆಯಾಗುವವರೆಗೆ ಅದು ನಡೆಯುತ್ತದೆ. ಇಂಗ್ಲಿಷಿನ ‘ಬೂಡ್ ಆಫ್’ ಎಂದರೆ ಇಷ್ಟೇ: ಹೊರಗೆ ನಡೆಯುವಾಗ ಬೂ ಬಿತ್ತು. ಯಾರೂ ಯಾರನ್ನೂ ಓಡಿಸಿಲ್ಲ. ‘ಬೂ ಕೂಗಿನ ನಡುವೆ ಮೈದಾನ ಬಿಟ್ಟರು’ ಎಂದರೆ ಸರಿಹೋಗುತ್ತದೆ.

ಒಬ್ಬನಿಗೆ ಬೀಳುವ ಬೂಗೆ ಮೂರು ಗಳಿಗೆ. ಧ್ವನಿವರ್ಧಕದಲ್ಲಿ ಹನ್ನೊಂದರ ಪಟ್ಟಿ ಓದುವಾಗ, ಅವನು ಚೆಂಡು ಮುಟ್ಟಿದಾಗ, ಅವನನ್ನು ಹೊರಗೆ ಕರೆದಾಗ. ಝಾಕಾ ಪ್ರಸಂಗ ಮೂರನೆಯದು. ಎರಡು ಗೋಲು ಮುಂದಿದ್ದ ಆರ್ಸೆನಲ್ 2-2ಕ್ಕೆ ಇಳಿದಿತ್ತು. 61ನೇ ನಿಮಿಷದಲ್ಲಿ ನಾಯಕನನ್ನು ಕರೆಸಿಕೊಂಡರು, ಅವನು ನಿಧಾನಕ್ಕೆ ನಡೆದ, ಬೂ ಜೋರಾಯಿತು, ಅವನು ಕಿವಿಗೆ ಕೈ ಹಿಡಿದು ಕೆಣಕಿದ, ಜೆರ್ಸಿ ಕಳಚಿ ನೇರ ಒಳಗೆ ಹೋದ. ಮುಂದಿನ ತಿಂಗಳ 5ರಂದು ನಾಯಕತ್ವ ಹೋಯಿತು. ಕಾರ್ಯಕಾರಣದ ಈ ಸರಣಿಯನ್ನೆಲ್ಲ ‘ಓಡಿಸಿದರು’ ನುಂಗಿಹಾಕುತ್ತದೆ.

ಕರಡುಗಳಲ್ಲಿ ‘ಸೋಲಿನಿಂದ ಬೇಸತ್ತು’ ಎಂದು ಕೈಯಿಂದ ಹಾಕುವ ಅಭ್ಯಾಸವೂ ಇದೆ, ಬಿಡಬೇಕು. ಗೆದ್ದ ದಿನವೂ ಬೂ ಬೀಳುತ್ತದೆ. 2008ರ ಡಿಸೆಂಬರ್ 6ರಂದು ವಿಗನ್ ವಿರುದ್ಧ ಬದಲಿಯಾಗಿ ಇಳಿದ ಎಬುವೆಯನ್ನು ಆರ್ಸೆನಲ್ ಬೂ ಕೂಗಿನ ನಡುವೆ ಮತ್ತೆ ಹೊರಗೆ ಕರೆಯಿತು, ಪಂದ್ಯ ಗೆದ್ದದ್ದು 1-0ಯಿಂದ. 2022ರ ಮಾರ್ಚ್ 29ರಂದು ವೆಂಬ್ಲಿಯಲ್ಲಿ ಹ್ಯಾರಿ ಮಗ್ವಾಯರ್‌ಗೆ ಇಂಗ್ಲೆಂಡ್ ಅಭಿಮಾನಿಗಳೇ ಬೂ ಎಂದರು, ಐವರಿ ಕೋಸ್ಟ್ ವಿರುದ್ಧ ಇಂಗ್ಲೆಂಡ್ ಗೆಲುವು 3-0.

‘ಈ’ ವಾಕ್ಯದಲ್ಲಿ ಗುರಿಯೇ ತಪ್ಪಿದೆ. ಅಂದು ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಟಾಟನಮ್ ಹಿಂದಿತ್ತು. ಲೂಕಸ್ ಮೌರಾನನ್ನು ತೆಗೆದು ಬರ್ಗ್‌ವೈನ್‌ನನ್ನು ಇಳಿಸಿದಾಗ ಬಿದ್ದ ಬೂ ತರಬೇತುದಾರ ನೂನೊಗೆ. ಜತೆಗೆ ಇಂಗ್ಲಿಷ್ ಗ್ಯಾಲರಿಯ ಹಳೆಯ ಹಾಡು ಬೇರೆ: ನೀನೇನು ಮಾಡ್ತಿದ್ದೀಯ ಅಂತ ನಿನಗೇ ಗೊತ್ತಿಲ್ಲ. 0-3ರಿಂದ ಸೋತರು, ನವೆಂಬರ್ 1ಕ್ಕೆ ನೂನೊ ಕೆಲಸ ಹೋಯಿತು. ಬದಲಾವಣೆಯ ಹೊತ್ತಿನ ಬೂ ಒಳಗೆ ಬರುವವನಿಗೆ, ಹೊರಗೆ ಹೋಗುವವನಿಗೆ, ನಿರ್ಧಾರ ಮಾಡಿದವನಿಗೆ, ಈ ಮೂವರಲ್ಲಿ ಯಾರಿಗೂ ಇರಬಹುದು. ಮೂಲದಲ್ಲಿ ಸ್ಪಷ್ಟವಿಲ್ಲದಿದ್ದರೆ ‘ಬದಲಾವಣೆಗೆ ಬೂ ಎಂದರು’ ಎಂದು ನಿಲ್ಲಿಸಿ.

ಸಿಟ್ಟು ಮಾಲೀಕರ ಮೇಲಾದರೆ ‘ಧಿಕ್ಕಾರ’, ‘ಪ್ರತಿಭಟನೆ’ ಸಲ್ಲುತ್ತವೆ. 2016ರ ಫೆಬ್ರುವರಿ 6ರಂದು 77 ಪೌಂಡ್ ಟಿಕೆಟ್ ವಿರೋಧಿಸಿ ಲಿವರ್‌ಪೂಲ್‌ನ ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಸಾವಿರಾರು ಮಂದಿ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. 2-0 ಮುಂದಿದ್ದ ಲಿವರ್‌ಪೂಲ್ ಅವರು ಹೋದ ಮೇಲೆ 2-2 ಮಾಡಿಕೊಂಡಿತು. 2012ರ ಕೊನೆಯಲ್ಲಿ ಜರ್ಮನಿಯ ಅಭಿಮಾನಿಗಳು ಹೊಸ ಭದ್ರತಾ ನಿಯಮಗಳ ವಿರುದ್ಧ ಪ್ರತಿ ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡು ಬಾಯಿ ಮುಚ್ಚಿ ಕೂತರು. ಇವೆರಡರಲ್ಲೂ ಬೂ ಇಲ್ಲ, ಇವನ್ನು ಅದೇ ಚೀಲಕ್ಕೆ ತುರುಕಬಾರದು. 2021ರ ಜೂನ್‌ನಲ್ಲಿ ಮಿಡಲ್ಸ್‌ಬರೋದಲ್ಲಿ ಇಂಗ್ಲೆಂಡ್ ಆಟಗಾರರು ವರ್ಣಭೇದದ ವಿರುದ್ಧ ಮಂಡಿಯೂರಿದಾಗ ಸ್ವಂತ ಅಭಿಮಾನಿಗಳಲ್ಲಿ ಕೆಲವರು ಕೂಗಿದ್ದು ಬೂ ಹೌದು, ಆದರೆ ಆಟಕ್ಕಲ್ಲ. ಅಲ್ಲಿ ‘ಮಂಡಿಯೂರಿದ್ದಕ್ಕೆ’ ಎಂಬ ಕಾರಣ ವಾಕ್ಯದಲ್ಲಿ ಇರಲೇಬೇಕು.

ಬೂ ಅಲ್ಲದ ಅಸಮಾಧಾನವೂ ಉಂಟು. ತಪ್ಪು ಪಾಸ್‌ಗೆ ಏಳುವ ‘ಅಯ್ಯೋ’ ಬರೀ ಉದ್ಗಾರ. ಆಗಲೇ ಎರಡು ಬಿಟ್ಟ ಗೋಲ್‌ಕೀಪರ್ ಸುಲಭದ ಚೆಂಡು ಹಿಡಿದಾಗ ಬೀಳುವುದು ಕುಹಕದ ಚಪ್ಪಾಳೆ. ಎಲ್ಲಕ್ಕಿಂತ ಕಟುವಾದದ್ದು ಎದುರು ತಂಡದ ಪಾಸ್‌ಗಳಿಗೆ ‘ಒಲೇ’ (ಭಲೇ) ಎನ್ನುವುದು. 2014ರ ಜುಲೈ 8ರಂದು ಬೆಲೊ ಹೊರಿಜೊಂಟೆಯಲ್ಲಿ ಜರ್ಮನಿ 7-1ರಿಂದ ಬಡಿಯುತ್ತಿದ್ದಾಗ ಬ್ರೆಜಿಲ್ ಪ್ರೇಕ್ಷಕರು ಸ್ವಂತ ಆಟಗಾರ ಫ್ರೆಡ್‌ಗೆ ಬೂ ಎಂದು, ಜರ್ಮನರ ಪಾಸ್‌ಗಳಿಗೆ ಒಲೇ ಎಂದರು. ಅದನ್ನು ‘ಹುರಿದುಂಬಿಸಿದರು’ ಎಂದು ಅನುವಾದಿಸಿದರೆ ಪದ ಸರಿ, ಸುದ್ದಿ ಸುಳ್ಳು.

ಉತ್ತರ 4

‘ತವರು’ ಬಗ್ಗೆ. ಕ್ರೀಡಾಪುಟದಲ್ಲಿ ತವರಿನ ಅಂಗಳ, ತವರಿನ ಪಂದ್ಯ ಎಂದರೆ ಜಾಗ. ತವರಿನ ಅಭಿಮಾನಿ ಎಂದರೆ ಜಾಗವೂ ಆಗಬಹುದು, ಊರಿನಿಂದ ಬಂದವನೂ ಆಗಬಹುದು. ಕೇಪ್‌ಟೌನ್‌ನಲ್ಲಿ ರೂನಿ ಕ್ಯಾಮೆರಾದತ್ತ ತಿರುಗಿ, ನಿಮ್ಮದೇ ತವರಿನವರು ಬೂ ಎನ್ನುವುದನ್ನು ನೋಡಲು ಚೆನ್ನಾಗಿದೆ ಎಂದು ಕುಟುಕಿದ್ದು ಎರಡನೆಯ ಅರ್ಥದಲ್ಲಿ. ಅವನ ಮಾತಿನೊಳಗೆ ತವರು ಇರಲಿ. ನಿಮ್ಮ ವರದಿಯ ವಾಕ್ಯದಲ್ಲಿ ಮಾತ್ರ ‘ಇಂಗ್ಲೆಂಡ್ ಅಭಿಮಾನಿಗಳು’ ಎಂದೇ ಬರೆಯಿರಿ, ಇಲ್ಲವಾದರೆ ಪಂದ್ಯ ಇಂಗ್ಲೆಂಡಿನಲ್ಲಿ ನಡೆಯಿತು ಎಂದಾಗುತ್ತದೆ.

ಉತ್ತರ 5

ಮಲಯಾಳಂನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದವಿದೆ, ‘ಕೂವಲ್’. ನಾಟಕ, ಸಿನಿಮಾ, ಭಾಷಣ, ಆಟ ಎಲ್ಲಕ್ಕೂ ಕೂವುತ್ತಾರೆ, ಅರ್ಥ ತಿರಸ್ಕಾರ. ನಮ್ಮ ‘ಕೂಗು’ ಅದರ ಒಡಹುಟ್ಟು, ಆದರೆ ತಿರಸ್ಕಾರದ ಅರ್ಥ ನಮ್ಮ ಕಡೆ ಉಳಿದಿಲ್ಲ. ‘ಹೋ ಎಂದು ಕೂಗಿದರು’ ಎನ್ನುವುದು ಹತ್ತಿರ, ಕರೆಂಟ್ ಹೋದಾಗ ಟಾಕೀಸಿನಲ್ಲಿ ಏಳುವ ಸದ್ದು ಅದೇ. ತೊಂದರೆ ಏನೆಂದರೆ ಕರೆಂಟ್ ಬಂದಾಗಲೂ ಹೋ ಎನ್ನುತ್ತಾರೆ. ಕಾಲೇಜು ಸಮಾರಂಭಗಳ ‘ಹೂಟಿಂಗ್’ ಬಾಯಿಮಾತಿನಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ತಮಾಷೆಯ ಪಾಲು ಹೆಚ್ಚು, ಅಚ್ಚಿಗೆ ನನ್ನ ಮತವಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆ. ಒಂದು ಉಳಿಯಿತು. ಶೀರ್ಷಿಕೆಗೆ ಜಾಗ ನಾಲ್ಕೈದು ಪದ. ‘ಬೂ’ ಅಲ್ಲಿ ಬೋಳುಬೋಳಾಗಿ ಕಾಣುತ್ತದೆ. ‘ತವರಿನಲ್ಲೇ ಮುಖಭಂಗ’ ಹಾಕಬಹುದೇ?

ಉತ್ತರ 1ರವರಿಂದ

ಬೇಡ. ಮುಖಭಂಗವನ್ನು ಓದುಗರು ಸೋಲು ಎಂದೇ ಓದುತ್ತಾರೆ, ಮೆಸ್ಸಿ ದಿನ ಪಿಎಸ್‌ಜಿ ಗೆದ್ದಿದೆ. ಶೀರ್ಷಿಕೆಗೆ ‘ತಿರುಗಿಬೀಳು’ ಚೆನ್ನಾಗಿ ಒದಗುತ್ತದೆ. ಮೊದಲು ಜತೆಗಿದ್ದವರು ಮಾತ್ರ ತಿರುಗಿಬೀಳಲು ಸಾಧ್ಯ, ಹಾಗಾಗಿ ‘ಸ್ವಂತ’, ‘ತಮ್ಮದೇ’ ಎಂದು ಸೇರಿಸುವ ಅಗತ್ಯ ಇರುವುದಿಲ್ಲ: ‘ಗೆದ್ದರೂ ಮೆಸ್ಸಿ ಮೇಲೆ ತಿರುಗಿಬಿದ್ದ ಪ್ಯಾರಿಸ್’. ಆದರೆ ಇದು ತೂಕದ ಪದ. ವಿರಾಮದಲ್ಲಿ ಅರ್ಧ ನಿಮಿಷ ಕೇಳಿದ ಬೂಗೆ ಬಳಸಿದರೆ ಅತಿಯಾಗುತ್ತದೆ, ಅಲ್ಲಿಗೆ ‘ತವರಿನವರ ಅಸಮಾಧಾನ’ ಸಾಕು.

ಉಳಿದ ವಾಕ್ಯಗಳು ನನ್ನ ಕೈಯಲ್ಲಿ ಹೀಗಾದವು. ಆ: ಝಾಕಾ ತವರಿನವರದೇ ಬೂ ಕೂಗಿನ ನಡುವೆ ಮೈದಾನ ಬಿಟ್ಟರು. ಇ: ಡ್ರಾ ಆದಾಗ ಇಂಗ್ಲೆಂಡ್ ಅಭಿಮಾನಿಗಳೇ ಬೂ ಎಂದದ್ದಕ್ಕೆ ರೂನಿ ಸಿಟ್ಟಾದರು. ಈ: ಮೌರಾ ಬದಲು ಬರ್ಗ್‌ವೈನ್ ಇಳಿದಾಗ ಟಾಟನಮ್ ಅಭಿಮಾನಿಗಳು ನೂನೊ ನಿರ್ಧಾರಕ್ಕೆ ಬೂ ಎಂದರು.

ಉತ್ತರ 2ರವರಿಂದ

ಒಪ್ಪಿಗೆ. ವಿಡಿಯೊ ಕೇಳಿ ಬರೆಯುವವರಿಗೆ ಒಂದು ಮಾತು ಸೇರಿಸುತ್ತೇನೆ. ದೂರದಿಂದ ಬೂ ಎಂದು ಕೇಳಿಸಿದ್ದೆಲ್ಲ ಬೂ ಅಲ್ಲ. ಇಂಗ್ಲಿಷ್ ಕ್ರಿಕೆಟ್ ಪ್ರೇಕ್ಷಕರು ಜೋ ರೂಟ್ ಬಂದಾಗ ‘ರೂ...ಟ್’ ಎಂದು ಎಳೆಯುತ್ತಾರೆ. ರೊನಾಲ್ಡೊನಿಂದ ಹಬ್ಬಿದ ಸಂಭ್ರಮದ ‘ಸಿ...ಯೂ’ ಕೂಗನ್ನು 2022ರ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನಲ್ಲಿ ಆಟಗಾರರೇ ಬೂ ಎಂದು ತಪ್ಪು ತಿಳಿದಿದ್ದರು. ಇಂಗ್ಲಿಷ್ ಪ್ರತಿಯಲ್ಲಿ ‘ಬ್ಯಾರಕ್’ ಕಂಡರೂ ಪತ್ರಿಕೆ ಯಾವ ದೇಶದ್ದು ನೋಡಿಕೊಳ್ಳಿ: ಬ್ರಿಟನ್ನಿನಲ್ಲಿ ಅದು ಕೂಗಿ ಕಾಡುವುದು, ಆಸ್ಟ್ರೇಲಿಯಾದಲ್ಲಿ ಒಂದು ತಂಡಕ್ಕೆ ಬ್ಯಾರಕ್ ಮಾಡುವುದೆಂದರೆ ಅದರ ಅಭಿಮಾನಿಯಾಗಿರುವುದು.