ಹಲವು ವರ್ಷ ನಿಂತ ಹಾಯಿದೋಣಿಯ ಡೀಸೆಲ್ ಇಂಜಿನ್: ಮೊದಲ ಸಲ ಕೀ ತಿರುಗಿಸುವ ಮುನ್ನ

ಅನಾಪೊಲಿಸ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಚೆಸಪೀಕ್ ಕೊಲ್ಲಿಯ ದಡದ ಬೋಟ್‌ಯಾರ್ಡೊಂದರಲ್ಲಿ ಹಲವು ವರ್ಷಗಳಿಂದ ನೆಲದ ಮೇಲೆ ನಿಂತಿದ್ದ 30 ಅಡಿಯ ಹಾಯಿದೋಣಿಯನ್ನು ಇತ್ತೀಚೆಗೆ ಕೊಂಡಿದ್ದೇನೆ. 1980ರ ದಶಕದ ಕೊನೆಯಲ್ಲಿ ಕಟ್ಟಿದ ದೋಣಿ. ಒಳಗಿರುವುದು ಯಾನ್ಮಾರ್ 2ಜಿಎಂ20, ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಹೊರಗಿನ ನೀರೇ ನೇರವಾಗಿ ಬ್ಲಾಕಿನೊಳಗೆ ಹರಿದು ತಂಪು ಮಾಡುವ ಮಾದರಿ. ಹಿಂದಿನ ಮಾಲೀಕರು ವಯಸ್ಸಾದವರು. ದೋಣಿಯನ್ನು ನೀರಿನಿಂದ ಎತ್ತಿಸಿದಾಗ ಇಂಜಿನ್ನಿನ ನೀರನ್ನು ಬಸಿದಿದ್ದರೇ, ಹೆಪ್ಪುಗಟ್ಟದಂತೆ ತಡೆಯುವ ಆ್ಯಂಟಿಫ್ರೀಜ್ ದ್ರವ ಹಾಕಿದ್ದರೇ ಎಂಬುದು ಅವರಿಗೀಗ ನೆನಪಿಲ್ಲ. ಇಲ್ಲಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂಬುದೇ ನನ್ನ ಮುಖ್ಯ ಆತಂಕ.

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಗಿದೆ, ಆದರೆ ನೀರು ಬೆರೆತಾಗ ಆಗುವಂತೆ ಹಾಲಿನ ಬಣ್ಣಕ್ಕೆ ಬಿಳಿಚಿಕೊಂಡಿಲ್ಲ. ಡೀಸೆಲ್ ಟ್ಯಾಂಕ್ ಅರ್ಧ ತುಂಬಿದೆ. ಬ್ಯಾಟರಿ ಸತ್ತಿದೆ. ಯಾರ್ಡಿನಲ್ಲಿ ಒಬ್ಬರು ಈ ಇಂಜಿನ್ ಕಿತ್ತು ಹೊಸದು ಹಾಕಿಸಿ ಎಂದರು. ಅದರ ಖರ್ಚು ದೋಣಿಯ ಬೆಲೆಗಿಂತ ಹೆಚ್ಚಾಗುತ್ತದೆ. ಹೊಸ ಬ್ಯಾಟರಿ ಜೋಡಿಸಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದೇ? ಅಲ್ಲವಾದರೆ ಯಾವ ಕ್ರಮದಲ್ಲಿ ಮುಂದುವರಿಯಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಮಲ್ಪೆ ಡೀಸೆಲ್:

ನಮಸ್ಕಾರ ಸರ್. ದಯವಿಟ್ಟು ಬ್ಯಾಟರಿ ಜೋಡಿಸಬೇಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನ ನಿಂತ ಬೋಟಿನ ಇಂಜಿನ್ನನ್ನೂ ನಾನು ಕೈಯಿಂದ ತಿರುಗಿಸಿ ನೋಡದೆ ಸ್ಟಾರ್ಟರಿಗೆ ಒಪ್ಪಿಸುವುದಿಲ್ಲ. ವರ್ಷಗಟ್ಟಲೆ ನಿಂತದ್ದಕ್ಕಂತೂ ಇದು ಕಡ್ಡಾಯ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿದ್ದರೆ, ಅಥವಾ ತೆರೆದ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿನೊಳಗೆ ನೀರು ಸೇರಿದ್ದರೆ, ಸ್ಟಾರ್ಟರಿನ ಬಲಕ್ಕೆ ರಿಂಗ್ ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗುವುದಿಲ್ಲವಷ್ಟೆ.

ಮೊದಲು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಎರಡೂ ಇಂಜೆಕ್ಟರ್‌ಗಳನ್ನು ಬಿಚ್ಚಿ. ಆ ರಂಧ್ರಗಳಿಂದ ಪ್ರತಿ ಸಿಲಿಂಡರಿಗೆ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಒಂದೆರಡು ಚಮಚದಷ್ಟು ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಇಲ್ಲಿ ಅವಸರ ಬೇಡ. ಅನಂತರ ಸಿಲಿಂಡರ್ ಹೆಡ್ಡಿನ ಮೇಲಿರುವ, ಒಳಗಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್‌ಗಳನ್ನು ಎತ್ತಿಟ್ಟು, ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ, ಪುಲ್ಲಿಯ ಎದುರು ನಿಂತು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಉಲ್ಟಾ ತಿರುಗಿಸಿದರೆ ಬೋಲ್ಟ್ ಸಡಿಲಾಗುತ್ತದೆ, ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರದ (ಇಂಪೆಲ್ಲರ್) ರೆಕ್ಕೆಗಳೂ ವಿರುದ್ಧ ದಿಕ್ಕಿಗೆ ಮಡಚಿಕೊಳ್ಳುತ್ತವೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ಜೋರಾಗಿ ಎಳೆಯಬೇಡಿ. ಅಲ್ಲಾಡಲಿಲ್ಲವೆಂದರೆ ಮತ್ತಷ್ಟು ಎಣ್ಣೆ ಬಿಟ್ಟು, ಮತ್ತಷ್ಟು ದಿನ ಕಾಯಬೇಕು.

ಎರಡು ಪೂರ್ಣ ಸುತ್ತು ಸರಾಗವಾಗಿ ತಿರುಗಿದರೆ ನಿಮ್ಮ ಇಂಜಿನ್ ಉಳಿಯುವ ಸಾಧ್ಯತೆ ಬಹಳವಿದೆ. ಆಗ ಇಂಜೆಕ್ಟರ್ ರಂಧ್ರಗಳ ಮೇಲೆ ಹಳೆಯ ಬಟ್ಟೆ ಮುಚ್ಚಿ ಇನ್ನಷ್ಟು ಸುತ್ತು ತಿರುಗಿಸಿದರೆ ಹೆಚ್ಚುವರಿ ಎಣ್ಣೆ ಬಟ್ಟೆಗೆ ಚಿಮ್ಮುತ್ತದೆ. ಅದು ಒಳಗೇ ಉಳಿದರೆ ಮೊದಲ ಉರಿತದಲ್ಲಿ ಇಂಜಿನ್ ಹತೋಟಿ ಮೀರಿ ಓಡಬಹುದು. ಆದ್ದರಿಂದ ಸ್ಟಾರ್ಟ್ ಮಾಡುವ ದಿನ ಸ್ಟಾಪ್ ಕೇಬಲ್ ಕೆಲಸ ಮಾಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ, ಗಾಳಿ ಎಳೆಯುವ ಬಾಯಿಯನ್ನು ಮುಚ್ಚುವಷ್ಟು ಅಗಲದ ಹಲಗೆಯೊಂದನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ.

ಹಳೆಯ ಆಯಿಲ್ ಬಸಿದು ಹೊಸದು ಹಾಕಿ. ಈ ಇಂಜಿನ್ನಿಗೆ ಸುಮಾರು 2 ಲೀಟರ್ ಹಿಡಿಸುತ್ತದೆ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಮತ್ತೊಮ್ಮೆ ಬದಲಿಸಿ. ಬಸಿದ ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ, ಬ್ಲಾಕಿನ ಬದಿಯಲ್ಲಿರುವ ಡೀಸೆಲ್ ಪಂಪಿನ ಡಯಾಫ್ರಮ್ ಹರಿದಿರುವ ಸಾಧ್ಯತೆಯಿದೆ.

ಸೌತಾಂಪ್ಟನ್ ಮರೈನ್:

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ನೀರಿನ ದಾರಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹಾಯಿದೋಣಿಯ ಇಂಜಿನ್‌ಗಳು ಬಹುಪಾಲು ಹಾಳಾಗುವುದು ಆ ದಾರಿಯಲ್ಲೇ.

ಹಾಯಿದೋಣಿಯಲ್ಲಿ ಇಂಜಿನ್ ಸಾಮಾನ್ಯವಾಗಿ ನೀರಿನ ಮಟ್ಟಕ್ಕಿಂತ ಕೆಳಗೋ ಅದರ ಆಸುಪಾಸಿನಲ್ಲೋ ಇರುತ್ತದೆ. ತಂಪು ಮಾಡಿ ಬಂದ ನೀರು ಎಕ್ಸಾಸ್ಟ್ ಎಲ್ಬೋದಲ್ಲಿ (ಹೊಗೆ ಕೊಳವೆಯ ಬಾಗಿದ ತುಂಡಿನಲ್ಲಿ) ಬಿಸಿ ಹೊಗೆಯೊಂದಿಗೆ ಬೆರೆತು ಕೆಳಗಿನ ಮಫ್ಲರ್ ಡಬ್ಬಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದನ್ನು ಹೊರಕ್ಕೆ ತಳ್ಳುವುದು ಉರಿಯುತ್ತಿರುವ ಇಂಜಿನ್ನಿನ ಹೊಗೆಯ ಒತ್ತಡವೇ. ಇಂಜಿನ್ ಹತ್ತಿಕೊಳ್ಳದೆ ನೀವು ಬರೀ ಸ್ಟಾರ್ಟರ್ ತಿರುಗಿಸುತ್ತ ಹೋದರೆ ಪಂಪ್ ನೀರನ್ನು ತಳ್ಳುತ್ತಲೇ ಇರುತ್ತದೆ, ಹೊರಕ್ಕೆ ಒಯ್ಯುವ ಒತ್ತಡ ಮಾತ್ರ ಇರುವುದಿಲ್ಲ. ಡಬ್ಬಿ ತುಂಬಿ, ನೀರು ಎಲ್ಬೋ ಹತ್ತಿ, ಎಕ್ಸಾಸ್ಟ್ ವಾಲ್ವ್ ದಾಟಿ ಸಿಲಿಂಡರಿಗೆ ಇಳಿಯುತ್ತದೆ. ಆದ್ದರಿಂದ ಸ್ಟಾರ್ಟರ್ ತಿರುಗಿಸುವಾಗ ಸೀಕಾಕ್ (ಹೊರಗಿನ ನೀರು ಒಳಬರುವ ಕವಾಟ) ಮುಚ್ಚಿರಲಿ. ಇಂಜಿನ್ ಹತ್ತಿಕೊಂಡ ಕೂಡಲೇ ತೆರೆಯಿರಿ. ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸದಿದ್ದರೆ, ಹೊಸ ಇಂಪೆಲ್ಲರಿಗೆ ಗ್ಲಿಸರಿನ್ ಸವರಿದ್ದರೆ, ಅಷ್ಟರಲ್ಲಿ ಅದು ಒಣಗಿ ಕೆಡುವುದಿಲ್ಲ.

ಹಳೆಯ ಇಂಪೆಲ್ಲರನ್ನು ತೆಗೆದಾಗ ಅದರ ರೆಕ್ಕೆಗಳನ್ನು ಎಣಿಸಿ. ಒಂದೇ ಒಂದು ಕಡಿಮೆಯಿದ್ದರೂ ಆ ತುಂಡು ಮುಂದಿನ ಪೈಪಿನಲ್ಲೋ ಥರ್ಮೋಸ್ಟಾಟಿನ ಬಳಿಯೋ ಸಿಕ್ಕಿಕೊಂಡಿರುತ್ತದೆ. ಅದು ಸಿಗುವವರೆಗೆ ಹುಡುಕಬೇಕು. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿ ನೋಡಿ. ನಿಮ್ಮ ಮಾದರಿಯಲ್ಲಿ ಅದು ಸುಮಾರು 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯಲಾರಂಭಿಸಬೇಕು. ಉಪ್ಪುನೀರು ಹೆಚ್ಚು ಬಿಸಿಯಾದರೆ ಬ್ಲಾಕಿನೊಳಗೆ ಗಟ್ಟಿ ಪದರ ಕಟ್ಟುತ್ತದೆ, ಅದಕ್ಕೇ ಈ ಮಾದರಿಗಳನ್ನು ತಣ್ಣಗೆ ಓಡುವಂತೆ ಮಾಡಿರುತ್ತಾರೆ. ಬ್ಲಾಕಿನಲ್ಲಿರುವ, ಅದರ ಲೋಹದ ಬದಲು ತಾನು ಸವೆಯುವ ಜಿಂಕ್ ಆನೋಡನ್ನೂ ಬಿಚ್ಚಿ ನೋಡಿ. ಬಹುಶಃ ಏನೂ ಉಳಿದಿರುವುದಿಲ್ಲ.

ಎಕ್ಸಾಸ್ಟ್ ಎಲ್ಬೋವನ್ನು ಬಿಚ್ಚದೆ ಬಿಡಲೇಬೇಡಿ. ಒಳಗೆ ಮಸಿ ಮತ್ತು ಉಪ್ಪು ಸೇರಿ ಗಟ್ಟಿಯಾಗಿ, ಎರಡು ಬೆರಳು ಹೋಗಬೇಕಾದ ದಾರಿಯಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿರುವುದನ್ನು ನಾನು ಎಷ್ಟೋ ಇಂಜಿನ್‌ಗಳಲ್ಲಿ ಕಂಡಿದ್ದೇನೆ. ಅಂಥ ಇಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ. ಸ್ಟಾರ್ಟ್ ಆದರೂ ವೇಗ ಏರುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ, ಮಾಲೀಕರು ಪಾಪ ಇಂಜೆಕ್ಷನ್ ಪಂಪನ್ನು ದೂರುತ್ತಾರೆ.

ನಿಮ್ಮ ಆತಂಕದ ಬಗ್ಗೆ: ಬ್ಲಾಕಿನ ನೀರು ಬಸಿಯುವ ಕಾಕ್ ತೆರೆದಾಗ ಏನೂ ಬರದಿದ್ದರೆ ತಂತಿ ತೂರಿಸಿ ನೋಡಿ, ಏಕೆಂದರೆ ರಂಧ್ರವೇ ಕಟ್ಟಿಕೊಂಡಿರಬಹುದು. ಹೆಪ್ಪುಗಟ್ಟಿ ಬಿರುಕು ಬಿಟ್ಟಿದ್ದರೆ ಬ್ಲಾಕಿನ ಬದಿಯಲ್ಲಿ ತುಕ್ಕಿನ ಗೆರೆ ಕಾಣುವುದುಂಟು. ನೆಲದ ಮೇಲೆ ಓಡಿಸುವಾಗ ಪಂಪಿನ ಪೈಪನ್ನು ನೀರು ತುಂಬಿದ ದೊಡ್ಡ ಬಕೆಟ್ಟಿನಲ್ಲಿ ಇಳಿಬಿಡಿ, ನಲ್ಲಿಗೆ ನೇರವಾಗಿ ಜೋಡಿಸಬೇಡಿ. ನಲ್ಲಿಯ ಒತ್ತಡಕ್ಕೆ ನೀರು ಇಂಪೆಲ್ಲರನ್ನು ದಾಟಿ ಮಫ್ಲರ್ ಸೇರುತ್ತದೆ. ಬಕೆಟ್ಟಿನಿಂದ ಓಡಿಸುವಾಗಲೂ ಇಂಜಿನ್ ಹತ್ತಿದ ಮೇಲಷ್ಟೇ ಪೈಪನ್ನು ನೀರಿಗೆ ಇಳಿಸಿ. ಪ್ರೊಪೆಲ್ಲರ್ ಶಾಫ್ಟನ್ನು ನೆಲದ ಮೇಲೆ ತಿರುಗಿಸಬೇಡಿ, ಅದರ ರಬ್ಬರ್ ಬೇರಿಂಗಿಗೆ ನೀರೇ ಜಿಡ್ಡು.

ಶರಾವತಿ:

ಡೀಸೆಲ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಟ್ಯಾಂಕಿನಲ್ಲಿರುವ ಹಳೆಯ ಡೀಸೆಲ್ಲನ್ನು ಈಗ ಇಂಜಿನ್ನಿಗೆ ತೋರಿಸಲೂ ಬೇಡಿ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಕಟ್ಟಿ ನೀರು ತಳಕ್ಕಿಳಿಯುತ್ತದೆ, ನೀರು ಮತ್ತು ಡೀಸೆಲ್ ಕೂಡುವಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಔಷಧಿ ಹಾಕಿ ಸಾಯಿಸಿದರೂ ಸತ್ತ ಲೋಳೆ ಫಿಲ್ಟರಿಗೇ ಬರುತ್ತದೆ. ಟ್ಯಾಂಕ್ ಖಾಲಿ ಮಾಡಿಸಿ, ಮುಚ್ಚಳ ತೆಗೆದು, ಕೈಯಿಂದಲೇ ಒರೆಸಿ ತೊಳೆಯಬೇಕು. ಸದ್ಯಕ್ಕೆ ಹೊಸ ಡೀಸೆಲ್ ತುಂಬಿದ ಸ್ವಚ್ಛ ಕ್ಯಾನಿನಿಂದ ಇಂಜಿನ್ ಓಡಿಸಿ. ಎರಡೂ ಫಿಲ್ಟರ್ ಬದಲಿಸಿ. ಡೀಸೆಲ್ ಪೈಪಿನಲ್ಲಿ ಸೇರಿದ ಏರ್ ತೆಗೆಯುವಾಗ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಇಂಜೆಕ್ಷನ್ ಪಂಪಿನದು, ಕೊನೆಗೆ ಇಂಜೆಕ್ಟರಿನ ನಟ್. ಗುಳ್ಳೆ ನಿಂತು ಡೀಸೆಲ್ ಒಂದೇ ಸಮನೆ ಹರಿಯುವವರೆಗೆ ಮುಂದಿನ ಜಾಗಕ್ಕೆ ಹೋಗಬೇಡಿ.

ಅನಾಪೊಲಿಸ್ ಕನ್ನಡಿಗ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ಮಾಡಿದೆ. ಎಣ್ಣೆ ಬಿಟ್ಟು ಒಂದು ವಾರ ಕಾದ ಮೇಲೆ ಪುಲ್ಲಿ ಸಣ್ಣದಾಗಿ ಕಿರುಗುಟ್ಟಿ ತಿರುಗಿತು. ಎರಡನೆಯ ಸುತ್ತಿನಲ್ಲಿ ಸದ್ದೂ ಇರಲಿಲ್ಲ. ಬ್ಲಾಕಿನ ಕಾಕಿನಿಂದ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಬಂದದ್ದನ್ನು ಕಂಡಾಗ ಆದ ನೆಮ್ಮದಿ ಅಷ್ಟಿಷ್ಟಲ್ಲ. ಹಿಂದಿನ ಮಾಲೀಕರು ದೋಣಿಯನ್ನು ಅಕ್ಕರೆಯಿಂದಲೇ ನಿಲ್ಲಿಸಿದ್ದರು. ಎಲ್ಬೋ ಮಾತ್ರ ಮುಕ್ಕಾಲು ಪಾಲು ಕಟ್ಟಿಕೊಂಡಿತ್ತು, ಹೊಸದು ಹಾಕಿದ್ದೇನೆ. ಕಳೆದ ಶನಿವಾರ ಬಕೆಟ್ ನೀರಿನೊಂದಿಗೆ ಇಂಜಿನ್ ಸ್ಟಾರ್ಟ್ ಆಯಿತು, ಆಯಿಲ್ ಪ್ರೆಷರ್ ದೀಪವೂ ಆರಿತು.

ಆದರೆ ಬಿಳಿ ಹೊಗೆ ಬರುತ್ತಿದೆ. ಎಕ್ಸಾಸ್ಟಿನಿಂದ ನೀರು ಒಂದೇ ಸಮನೆ ಬರದೆ ಬಿಟ್ಟು ಬಿಟ್ಟು ಉಗುಳಿದಂತೆ ಬೀಳುತ್ತಿದೆ. ಇಂಜೆಕ್ಟರ್‌ಗಳನ್ನು ಪರೀಕ್ಷೆಗೆ ಕಳಿಸಬೇಕೇ?

ಸೌತಾಂಪ್ಟನ್ ಮರೈನ್:

ಅಭಿನಂದನೆಗಳು. ನೀರು ಬಿಟ್ಟು ಬಿಟ್ಟು ಬೀಳುವುದು ಈ ಬಗೆಯ ಮಫ್ಲರಿನ ಸಹಜ ಗುಣ. ಅದರಿಂದ ಗಾಬರಿ ಬೇಡ.

ಹೊಗೆಯ ವಿಷಯದಲ್ಲಿ ಮೊದಲು ಅದು ಹಬೆಯೋ ಹೊಗೆಯೋ ಎಂದು ನೋಡಿ. ಹೊರಬಂದ ಕೆಲವೇ ಅಡಿಗಳಲ್ಲಿ ಕರಗಿಹೋದರೆ ಅದು ಹಬೆ. ತಣ್ಣನೆಯ ಹವೆಯಲ್ಲಿ ಸ್ವಲ್ಪ ಹಬೆ ಕಾಣುವುದು ಸಹಜ; ಬೆಚ್ಚಗಿನ ದಿನವೂ ದಟ್ಟವಾಗಿದ್ದರೆ ನೀರಿನ ಹರಿವು ಕಡಿಮೆಯಿದೆ ಎಂದರ್ಥ, ಎಲ್ಬೋಗೆ ಬರುವ ಪೈಪ್ ಬಿಚ್ಚಿ ಹರಿವನ್ನು ನೋಡಬೇಕು. ಗಾಳಿಯಲ್ಲಿ ತೇಲಿಕೊಂಡು ಉಳಿದು, ಕಣ್ಣು ಉರಿಸಿ, ಕೆಳಗೆ ಬಿದ್ದ ನೀರಿನ ಮೇಲೆ ಬಣ್ಣದ ಪೊರೆ ಮೂಡಿಸಿದರೆ ಅದು ಪೂರ್ತಿ ಉರಿಯದ ಡೀಸೆಲ್. ತುಸು ನೀಲಿ ಬೆರೆತಿದ್ದರೆ ನೀವು ಸಿಲಿಂಡರಿಗೆ ಬಿಟ್ಟ ಎಣ್ಣೆಯ ಉಳಿಕೆಯಿರಬಹುದು. ಆಯಿಲ್ ಬಿಳಿಚಿಕೊಂಡಿದೆಯೇ ಎಂಬುದನ್ನು ಪ್ರತಿ ಸಲ ಓಡಿಸಿದ ಮೇಲೂ ನೋಡುತ್ತಿರಿ.

ಇಂಜೆಕ್ಟರ್‌ಗಳನ್ನು ಈಗಲೇ ಕಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಹೊರೆಯಿಲ್ಲದೆ ಬಕೆಟ್ ನೀರಿನಲ್ಲಿ ಓಡುವ ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಬಿಸಿಯಾಗದ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದೂ ಇಲ್ಲ. ದೋಣಿಯನ್ನು ನೀರಿಗಿಳಿಸಿ, ಕಟ್ಟೆಗೆ ಗಟ್ಟಿಯಾಗಿ ಬಿಗಿದು, ಗೇರ್ ಹಾಕಿ ಮಧ್ಯಮ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಆಮೇಲೂ ಹೊಗೆ ಉಳಿದರೆ ಇಂಜೆಕ್ಟರ್‌ಗಳನ್ನು ಬಿಚ್ಚಿ ಸಿಂಪರಣೆ ಪರೀಕ್ಷೆಗೆ ಕೊಡಿ, ಮರಳಿ ಕೂರಿಸುವಾಗ ವಾಷರ್‌ಗಳನ್ನು ಹೊಸದಾಗಿ ಹಾಕಿ. ದೋಣಿ ನೀರಿಗಿಳಿದ ಕೂಡಲೇ, ಕ್ರೇನಿನ ಪಟ್ಟಿಗಳನ್ನು ಬಿಚ್ಚುವ ಮೊದಲೇ, ಒಳಗೆ ಹೋಗಿ ಪ್ರತಿ ಸೀಕಾಕನ್ನೂ ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಸ್ಟಫಿಂಗ್ ಬಾಕ್ಸನ್ನೂ ಟಾರ್ಚ್ ಹಿಡಿದು ನೋಡಿ; ಇಷ್ಟು ವರ್ಷ ಒಣಗಿದ ಪ್ಯಾಕಿಂಗ್ ಮೊದಮೊದಲು ಖಂಡಿತ ಸೋರುತ್ತದೆ, ಅದನ್ನು ಬಿಗಿಮಾಡಲು ಬೇಕಾದ ಎರಡು ಪಾನಾಗಳು ಆಗ ನಿಮ್ಮ ಕೈಯಲ್ಲಿರಬೇಕು.