ಗಂಡ ಸಂಘದ ದುಡ್ಡು ತಿಂದರೆ ಹೆಂಡತಿಗೂ ಅದರಲ್ಲಿ ಪಾಲಿದೆಯಾ?

ಹೆಸರು ಬೇಡ:

ಮೂರು ವಾರದಿಂದ ಬರೆಯುವುದು, ಅಳಿಸುವುದು, ಇದೇ ಆಗಿದೆ. ಇವತ್ತು ಬರೆದುಬಿಡುತ್ತೇನೆ.

ನನ್ನ ಗಂಡ ನಮ್ಮ ತಾಲ್ಲೂಕಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹದಿನಾಲ್ಕು ವರ್ಷದಿಂದ ಮ್ಯಾನೇಜರ್. ಹೋದ ತಿಂಗಳು ಚಿನ್ನದ ಸಾಲದ ಪ್ಯಾಕೆಟ್‌ಗಳನ್ನು ಬಿಚ್ಚಿ ನೋಡಿದಾಗ ಹನ್ನೊಂದರಲ್ಲಿ ಗಿಲೀಟು ಒಡವೆ ಇತ್ತಂತೆ. ಸಾಲ ಇದ್ದದ್ದು ಸುತ್ತಮುತ್ತ ಹಳ್ಳಿಯವರ ಹೆಸರಲ್ಲಿ. ಅವರಲ್ಲಿ ಅರ್ಧ ಜನಕ್ಕೆ ತಮ್ಮ ಹೆಸರಲ್ಲಿ ಸಾಲ ಇದೆ ಅನ್ನುವುದೇ ಗೊತ್ತಿಲ್ಲ. ಒಟ್ಟು 38 ಲಕ್ಷ. ನನ್ನ ಗಂಡ ಈಗ ಜೈಲಿನಲ್ಲಿದ್ದಾರೆ. ಮಾಡಿದ್ದು ಹೌದು ಅಂತ ನನ್ನ ಮುಂದೆಯೇ ಒಪ್ಪಿಕೊಂಡರು, ಹಾಗಾಗಿ ಅವರು ನಿರಪರಾಧಿ ಅಂತ ವಾದ ಮಾಡೋಕೆ ನಾನು ಇಲ್ಲಿ ಬಂದಿಲ್ಲ.

ನನ್ನ ಪ್ರಶ್ನೆ ನನ್ನ ಬಗ್ಗೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿ ಮಾತು ನಿಂತುಹೋಗುತ್ತದೆ. ಒಬ್ಬರು ಎದುರಿಗೇ ಅಂದರು, "ಬಳೆ ಹಾಕಿಕೊಳ್ಳುವಾಗ ಗೊತ್ತಾಗಲಿಲ್ವಾ" ಅಂತ. ಅತ್ತೆ ಇನ್ನೂ ಮುಂದೆ ಹೋಗಿ, ನಿನ್ನ ಆಸೆಗೇ ನನ್ನ ಮಗ ಹಾಳಾದ ಅಂದರು. ನಾನು ಕೇಳಿದ್ದು ಅಂದರೆ ಮಗಳಿಗೆ ಒಂದು ಒಳ್ಳೆ ಶಾಲೆ, ಅಷ್ಟೇ.

ಆದರೆ ಪೂರ್ತಿ ಏನೂ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ವರ್ಷದ ಹಿಂದೆ 24 ಗ್ರಾಂ ಬಳೆ ತಂದುಕೊಟ್ಟರು. ಅರಿಯರ್ಸ್ ಬಂತು ಅಂದರು. ಇನ್ನೊಂದು, ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅರ್ಜಿ ಫಾರಂಗಳನ್ನು ಹರಡಿಕೊಂಡು ತುಂಬುತ್ತಿದ್ದರು. ಕೈಯಲ್ಲಿ ಮೂರು ಪೆನ್ನು. ಒಂದು ಫಾರಂಗೆ ನೀಲಿ, ಇನ್ನೊಂದಕ್ಕೆ ಕಪ್ಪು, ಮೂರನೆಯದಕ್ಕೆ ಜೆಲ್ ಪೆನ್ನು. ಕೊನೆಯ ಫಾರಂನಲ್ಲಿ ಅಕ್ಷರ ಎಡಕ್ಕೆ ವಾಲಿಸಿ ಬರೆಯುತ್ತಿದ್ದರು, ಅವರ ಅಕ್ಷರ ಯಾವತ್ತೂ ಹಾಗಿರಲಿಲ್ಲ. ಟೀ ಇಟ್ಟು, ಯಾಕೆ ಮೂರು ಪೆನ್ನು ಅಂತ ಕೇಳಿದೆ. "ಆಡಿಟ್ ಬರ್ತಿದೆ, ಸುಮ್ನಿರು" ಅಂದರು. ನಾನು ಸುಮ್ಮನಾದೆ. ಟೀ ಲೋಟ ತೊಳೆದಿಟ್ಟೆ. ಆಮೇಲೆ ಕೇಳಲೇ ಇಲ್ಲ.

ಎರಡು ಫಾರಂನಲ್ಲಿ ಜಾಮೀನುದಾರಳು ಅಂತ ನನ್ನ ಸಹಿಯೂ ಇದೆ. ಓದದೆ ಹಾಕಿದ್ದು.

ಈಗ ಸಂಘದ ನಿರ್ದೇಶಕರು ಎರಡು ಸಲ ಮನೆಗೆ ಬಂದು, ಮನೆ ಬರೆದುಕೊಡಿ, ಕೇಸು ಸಡಿಲ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಮನೆ ಇರುವ ಜಾಗ ನಮ್ಮ ಅಪ್ಪ ನನ್ನ ಹೆಸರಿಗೆ ದಾನಪತ್ರ ಮಾಡಿಕೊಟ್ಟದ್ದು. ಕೊಡಬೇಕಾ? ಕಾನೂನು ಒಂದು ಕಡೆ ಇರಲಿ, ನನಗೂ ಇದರಲ್ಲಿ ಪಾಲಿದೆಯಾ?

ತುಂಗಾತೀರ:

ನಾನು ಆ ಕಡೆಯವಳು, ಅಂದರೆ ದುಡ್ಡು ಕಳೆದುಕೊಂಡವರ ಕಡೆಯವಳು. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ.

ನಮ್ಮ ಅಪ್ಪ ಅಡಿಕೆ ಮಾರಿದ ದುಡ್ಡು ಆರು ಲಕ್ಷ ಇಂಥದ್ದೇ ಒಂದು ಸಂಘದಲ್ಲಿಟ್ಟಿದ್ದರು. ಬ್ಯಾಂಕಿನಲ್ಲಿ ಇಟ್ಟಿದ್ದರೆ ಠೇವಣಿ ವಿಮೆ ಅಂತ 5 ಲಕ್ಷದವರೆಗೆ ಬರುತ್ತದೆ, 2020ರಿಂದ ಆ ಮಿತಿ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇದು ನಮಗೆ ಗೊತ್ತಾಗಿದ್ದು ಸಂಘದ ಬಾಗಿಲಿಗೆ ಬೀಗ ಬಿದ್ದ ಮೇಲೆ. ಅಪ್ಪ ಪ್ರತಿ ಸೋಮವಾರ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು, ಮಧ್ಯಾಹ್ನ ವಾಪಸ್ ಬಂದು ಅದನ್ನೇ ಬೀರುವಿನಲ್ಲಿಡುತ್ತಿದ್ದರು. ಏಳು ವರ್ಷದಲ್ಲಿ ಒಂದೂವರೆ ಲಕ್ಷ ಬಂತು. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಆ ಸಂಘದ ಕಾರ್ಯದರ್ಶಿಯ ಹೆಂಡತಿ ನಮ್ಮೂರ ಜಾತ್ರೆಯಲ್ಲಿ ಎದುರಿಗೆ ಸಿಕ್ಕರು. ಕೊರಳಲ್ಲಿ ಎರಡೆಳೆ ಸರ. ನನಗೆ ಅವರ ಮುಖ ಕಾಣಲೇ ಇಲ್ಲ, ಸರ ಮಾತ್ರ ಕಂಡಿತು. ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ ಲೆಕ್ಕ ಹಾಕುವ ತಾಳ್ಮೆ ನನಗೆ ಆಗ ಇರಲಿಲ್ಲ.

ನಮ್ಮ ನಾಡಿನಲ್ಲೇ ಆಯ್ದಕ್ಕಿ ಲಕ್ಕಮ್ಮ ಇದ್ದಳಲ್ಲ. ಗಂಡ ಮಾರಯ್ಯ ದಿನಾ ತರುವುದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಬಡತನ ಅವಳಿಗೂ ಇತ್ತು. ನೀವು ಪೆನ್ನಿನ ಬಗ್ಗೆ ಕೇಳಿದಿರಿ, ಅಲ್ಲಿಗೇ ಬಿಟ್ಟಿರಿ. ಪೂರ್ತಿ ಪಾಲು ನಿಮ್ಮದಲ್ಲ. ಆದರೆ ಆ ಭಾನುವಾರದಿಂದ ಈಚೆಗೆ ಸ್ವಲ್ಪ ನಿಮ್ಮದೂ ಇದೆ ಅಂತ ನನಗೆ ಅನಿಸುತ್ತದೆ.

ಹಳೇ ಲೆಕ್ಕಿಗ:

ಸಹಕಾರ ಸಂಘಗಳ ಲೆಕ್ಕ ನೋಡಿಕೊಂಡೇ 26 ವರ್ಷ ಕಳೆದವನು ನಾನು, ಈಗ ನಿವೃತ್ತ.

ತುಂಗಾತೀರ ಅವರ ನೋವು ನನಗೆ ಅರ್ಥವಾಗುತ್ತದೆ. ಇಂಥ ಪಾಸ್‌ಬುಕ್ ಹಿಡಿದುಕೊಂಡು ಬಂದ ಮುದುಕರನ್ನು ನಾನೂ ಬಹಳ ನೋಡಿದ್ದೇನೆ. ಆದರೆ ಲಕ್ಕಮ್ಮನ ವಿಷಯಕ್ಕೆ ಒಂದು ಮಾತು. ಅಕ್ಕಿ ಅವಳ ಮುಂದೆಯೇ ಬಂತು, ದಿನದ ಅಳತೆ ಅವಳಿಗೆ ಗೊತ್ತಿತ್ತು, ಜಾಸ್ತಿ ಆದದ್ದು ಕಣ್ಣಿಗೆ ಬಿತ್ತು. ಈಗ ಗಂಡನ ಸಂಬಳ ಗಂಡನ ಫೋನಿಗೆ ಬರುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು ಅನ್ನುವುದು ಎಷ್ಟು ಮನೆಯಲ್ಲಿ ಹೆಂಡತಿಗೆ ಗೊತ್ತಿರುತ್ತದೆ ಹೇಳಿ? ಕೇಳಿದರೆ ಲೆಕ್ಕ ಕೇಳುತ್ತೀಯಾ ಅಂತ ಜಗಳ. ಅಳತೆಯನ್ನೇ ತೋರಿಸದೆ ಜಾಸ್ತಿ ಆದದ್ದು ಗೊತ್ತಾಗಲಿಲ್ವಾ ಅಂದರೆ ಹೇಗೆ?

ಇನ್ನು ಈ ಗಿಲೀಟು ಚಿನ್ನದ ಆಟ ಒಬ್ಬನ ಕೈಯಲ್ಲಿ ಆಗುವುದಲ್ಲ ತಾಯಿ. ಒಡವೆ ಬಂದರೆ ಒರೆಗಲ್ಲಿಗೆ ಉಜ್ಜಿ ಚೀಟಿ ಬರೆಯಲು ಅಕ್ಕಸಾಲಿ ಒಬ್ಬರು ಇರುತ್ತಾರೆ. ಪ್ಯಾಕೆಟ್ ಸೀಲ್ ಆಗಿ ತಿಜೋರಿಗೆ ಹೋಗುತ್ತದೆ, ತಿಜೋರಿಗೆ ಸಾಮಾನ್ಯವಾಗಿ ಎರಡು ಕೀಲಿ, ಇಬ್ಬರ ಕೈಯಲ್ಲಿ. ಅವಧಿ ಮುಗಿಯುವ ಹೊತ್ತಿಗೆ ಹೊಸ ನಕಲಿ ಸಾಲ ಎತ್ತಿ ಹಳೆಯದರ ಬಡ್ಡಿ ಕಟ್ಟುತ್ತಾರೆ. ಪುಸ್ತಕದಲ್ಲಿ ಎಲ್ಲಾ ಸರಿಯಾಗೇ ಕಾಣುತ್ತದೆ. ಹೀಗೆ ಬಡ್ಡಿಗೆ ಬಡ್ಡಿ ಸೇರಿ ಮೊತ್ತ ಬೆಳೆಯುತ್ತದೆ. 38 ಲಕ್ಷ ಅಂದಾಕ್ಷಣ ಅಷ್ಟೂ ನಿಮ್ಮ ಮನೆಗೆ ಬಂತು ಅಂತ ಅಲ್ಲ. ಅದರಲ್ಲಿ ಒಂದು ಭಾಗ ಹಳೇ ತೂತು ಮುಚ್ಚಲು ಹೋಗಿರುತ್ತದೆ.

ನಿರ್ದೇಶಕರಿಗೆ ನಿಮ್ಮ ಮನೆ ಮೇಲೆ ಯಾಕೆ ಇಷ್ಟು ಆತುರ ಗೊತ್ತಾ? 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ 64ನೇ ಕಲಂ ಪ್ರಕಾರ ವಿಚಾರಣೆ ನಡೆದು ನಷ್ಟ ಸಾಬೀತಾದರೆ, 69ರ ಪ್ರಕಾರ ಅದನ್ನು ಅಧಿಕಾರಿ, ನೌಕರ, ಆಡಳಿತ ಮಂಡಳಿಯವರಿಂದಲೂ ವಸೂಲಿ ಮಾಡಬಹುದು. ತಿಂಗಳು ತಿಂಗಳು ಕೂತು ಸಹಿ ಹಾಕಿದವರು ಅವರು. ತಿಜೋರಿಯನ್ನು ಒಂದು ಸಲವೂ ಬಿಚ್ಚಿ ನೋಡಲಿಲ್ಲ ಅನ್ನುವ ಪ್ರಶ್ನೆ ಮೊದಲು ಅವರಿಗೆ ಬರಬೇಕು, ಟೀ ತಂದಿಟ್ಟವರಿಗಲ್ಲ. ವಿಚಾರಣೆಗೆ ಮುಂಚೆಯೇ ನಿಮ್ಮ ಮನೆ ಬರೆಸಿಕೊಂಡರೆ ಅವರ ತಲೆ ಮೇಲಿನ ಭಾರ ಇಳಿಯುತ್ತದೆ. ಯಾವ ಸ್ಟಾಂಪ್ ಪೇಪರಿಗೂ ಸಹಿ ಹಾಕಬೇಡಿ.

ಕರಿಕೋಟು:

ವಕೀಲ. ಮೊದಲಿಗೆ, ಆ ಮೂರು ಪೆನ್ನಿನ ವಿಷಯ ಇಲ್ಲಿ ಬರೆಯಬಾರದಿತ್ತು. ಆದಷ್ಟು ಬೇಗ ನಿಮ್ಮದೇ ಒಬ್ಬ ವಕೀಲರನ್ನು ನೋಡಿ. ಗಂಡನ ವಕೀಲರೇ ಸಾಕು ಅಂದುಕೊಳ್ಳಬೇಡಿ. ಅವರ ಹಿತ ಬೇರೆ, ನಿಮ್ಮ ಹಿತ ಬೇರೆ ಆಗುವ ದಿನ ಬರಬಹುದು.

ಹೆಂಡತಿ ಅನ್ನುವ ಒಂದೇ ಕಾರಣಕ್ಕೆ ಯಾವ ಕಾನೂನೂ ಶಿಕ್ಷೆ ಕೊಡುವುದಿಲ್ಲ. ನಿಮ್ಮ ಯಜಮಾನರ ಮೇಲೆ ನಂಬಿಕೆ ದ್ರೋಹದ ಕೇಸು ಆಗಿರುತ್ತದೆ. ಕೃತ್ಯ 2024ರ ಜುಲೈ 1ಕ್ಕೆ ಮುಂಚಿನದಾದರೆ ಹಳೇ ಐಪಿಸಿ, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 316. ನಿಮ್ಮನ್ನು ಅದರೊಳಗೆ ಎಳೆಯಬೇಕಾದರೆ ನೀವು ಪ್ರಚೋದನೆ ಕೊಟ್ಟಿರಬೇಕು, ಸಂಚಿನಲ್ಲಿ ಸೇರಿರಬೇಕು, ಇಲ್ಲವೇ ಗೊತ್ತಿದ್ದೂ ನೆರವಾಗಿರಬೇಕು. ಕೇಳದೆ ಸುಮ್ಮನಿದ್ದದ್ದು ಮಾತ್ರಕ್ಕೆ ಅದು ಆಗುವುದಿಲ್ಲ.

ಆದರೆ ಬಳೆ ಬೇರೆ ವಿಷಯ. ನಂಬಿಕೆ ದ್ರೋಹದಿಂದ ಬಂದದ್ದೂ ಕಾನೂನಿನ ಲೆಕ್ಕದಲ್ಲಿ ಕಳವಿನ ಮಾಲೇ. ಅದು ಅಂಥದ್ದು ಅಂತ ಗೊತ್ತಿದ್ದು, ಅಥವಾ ನಂಬಲು ಕಾರಣ ಇದ್ದು, ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಅದೇ ನ್ಯಾಯ ಸಂಹಿತೆಯ 317ರಲ್ಲಿ ನಿಮ್ಮ ಮೇಲೇ ಕೇಸು ಬರುತ್ತದೆ. ತೆಗೆದುಕೊಂಡಾಗ ಗೊತ್ತಿರಲಿಲ್ಲ ಸರಿ. ಈಗ ಗೊತ್ತಾಗಿದೆಯಲ್ಲ.

ಸರ್ಕಾರಿ ನೌಕರರ ವಿಷಯದಲ್ಲಿ ಇದು ಇನ್ನೂ ಬಿಗಿ. 1999ರಲ್ಲಿ ನಲ್ಲಮ್ಮಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೌಕರ ಅಲ್ಲದವರೂ ಅಕ್ರಮ ಆಸ್ತಿಯನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡು ನೆರವಾದರೆ ಆರೋಪಿಗಳಾಗಬಹುದು ಅಂದಿತು. ನಮ್ಮ ಪರಪ್ಪನ ಅಗ್ರಹಾರದಲ್ಲಿ 2014ರ ಸೆಪ್ಟೆಂಬರ್ 27ರಂದು ಬಂದ ಜಯಲಲಿತಾ ಅಕ್ರಮ ಆಸ್ತಿ ತೀರ್ಪಿನಲ್ಲಿ ಅವರ ಜೊತೆಗಿದ್ದ ಉಳಿದ ಮೂವರು ಆರೋಪಿಗಳಿಗೂ ನಾಲ್ಕು ವರ್ಷ ಆದದ್ದು ಇದೇ ದಾರಿಯಲ್ಲಿ. ಅವರು ಯಾರೂ ಹುದ್ದೆಯಲ್ಲಿದ್ದವರಲ್ಲ.

ಇನ್ನು ಸಾಕ್ಷಿ. ಗಂಡ ನಿಮಗೆ ಹೇಳಿದ ಮಾತನ್ನು ಹೇಳಿ ಅಂತ ನಿಮ್ಮನ್ನು ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 122ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 128. ಆದರೆ ಕಣ್ಣಾರೆ ಕಂಡದ್ದಕ್ಕೆ ಆ ರಕ್ಷಣೆ ಇಲ್ಲ. 1954ರ ರಾಮ್ ಭರೋಸೆ ಪ್ರಕರಣದಲ್ಲಿ ಗಂಡ ಚಾವಣಿಯಿಂದ ಇಳಿದು ಬಂದದ್ದನ್ನು, ಸ್ನಾನ ಮಾಡಿದ್ದನ್ನು ಹೆಂಡತಿ ಹೇಳಬಹುದು, ಒಡವೆ ಬಗ್ಗೆ ಅವನು ಆಡಿದ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ವಿಷಯದಲ್ಲಿ "ಸುಮ್ನಿರು" ಅಂದದ್ದು ಮಾತು. ಪೆನ್ನು ನೀವು ಕಂಡದ್ದು. ಅದಕ್ಕೇ ಹೇಳಿದ್ದು ಬೇಗ ವಕೀಲರನ್ನು ನೋಡಿ ಅಂತ.

ಪೊಲೀಸರು ಸಾಕ್ಷಿ ಅಂತ ಕರೆದರೆ ನೀವು ಠಾಣೆಗೆ ಹೋಗಬೇಕಾಗಿಲ್ಲ. ಹೆಂಗಸರ ಹೇಳಿಕೆಯನ್ನು ಅವರು ಇರುವಲ್ಲಿಗೇ ಬಂದು ಪಡೆಯಬೇಕು. ಅಪ್ಪ ಕೊಟ್ಟ ಜಾಗ ನಿಮ್ಮ ಸ್ವಂತ ಆಸ್ತಿ, ಮದುವೆಯಲ್ಲಿ ತವರಿನಿಂದ ಬಂದ ಒಡವೆಯೂ ಸ್ತ್ರೀಧನ. ಗಂಡನ ಸಾಲಕ್ಕೆ ಅದನ್ನು ಮುಟ್ಟುವ ಹಾಗಿಲ್ಲ. ಜಾಮೀನು ಸಹಿ ಮಾತ್ರ ತೊಂದರೆ ಕೊಡಬಹುದು. ಆ ಎರಡು ಸಾಲಕ್ಕೆ ಸಂಘ ನಿಮ್ಮ ಮೇಲೂ ದಾವೆ ಹಾಕಬಹುದು. ಆದರೆ ಸಹಿ ಪಡೆದದ್ದು ಸಂಘದ ಮ್ಯಾನೇಜರೇ, ಅದೂ ನಿಜ ಮುಚ್ಚಿಟ್ಟು. ಅಲ್ಲಿ ನಿಮಗೆ ವಾದಕ್ಕೆ ಜಾಗ ಇದೆ.

ಬಯಲುಸೀಮೆ:

ನನ್ನದು ಉಲ್ಟಾ ಕತೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಒಂದು ಫೈನಾನ್ಸ್ ಕಚೇರಿಯಲ್ಲಿ ಕ್ಯಾಷಿಯರ್ ಆಗಿದ್ದಳು. ನಾಲ್ಕು ಲಕ್ಷ ಚಿಲ್ಲರೆ ಎತ್ತಿದ್ದಳು, ಅವಳ ತಮ್ಮನ ಸಾಲ ತೀರಿಸಲು. ಸಿಕ್ಕಿಬಿದ್ದಳು.

ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಒಬ್ಬರೂ. ಆಫೀಸಿನವರು ಕೂರಿಸಿ ಟೀ ಕೊಟ್ಟರು, "ಪಾಪ, ಗಂಡಸು, ಮನೆ ಹೊರಗೆ ದುಡಿಯುವವನು, ಅವನಿಗೇನು ಗೊತ್ತಾಗುತ್ತೆ" ಅಂದರು. ನಮ್ಮ ಬೀದಿಯಲ್ಲಿ ಎಲ್ಲರೂ ನನ್ನ ಪರ. ಹೆಂಡತಿ ಮಾಡಿದರೆ ಗಂಡನಿಗೆ ಕನಿಕರ, ಗಂಡ ಮಾಡಿದರೆ ಹೆಂಡತಿಗೆ ಬಳೆ ಲೆಕ್ಕ. ಈ ಅನ್ಯಾಯ ನನಗೆ ಆಗಲೇ ಕಂಡಿತು, ಆದರೆ ನನಗೆ ಅನುಕೂಲವಾಗಿತ್ತು, ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆ ದುಡ್ಡಿನಲ್ಲಿ ನನ್ನ ಬೈಕಿನ ಮುಂಗಡ 30 ಸಾವಿರವೂ ಇತ್ತು. ಚೀಟಿ ಎತ್ತಿದ್ದು ಅಂದಿದ್ದಳು, ನಾನು ಯಾವ ಚೀಟಿ ಅಂತಲೂ ಕೇಳಲಿಲ್ಲ. ಬೈಕ್ ಮಾರಿ ಮೊದಲು ಆ 30 ಸಾವಿರ ಕಟ್ಟಿದೆ, ಉಳಿದದ್ದನ್ನು ಅವಳೂ ನಾನೂ ಸೇರಿ ಮೂರು ವರ್ಷ ಕಟ್ಟಿದೆವು. ಆ ಉಳಿದದ್ದು ನನ್ನ ತಪ್ಪಲ್ಲ ಅಂತ ಇವತ್ತೂ ಹೇಳುತ್ತೇನೆ, ಅವಳ ಜೊತೆ ಇರಬೇಕು ಅನಿಸಿತು, ಕಟ್ಟಿದೆ. ಬೈಕ್ ಮಾತ್ರ ಹಾಗಲ್ಲ. ದಿನಾ ನಾನೇ ಓಡಿಸಿದ್ದು.

ಅಕ್ಕಾ, ಮನೆ ಕೊಡಬೇಡಿ. ಮಗಳಿದ್ದಾಳೆ. ಬಳೆ ವಿಷಯ ನಿಮಗೇ ಗೊತ್ತು.

ಹೆಸರು ಬೇಡ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ತುಂಗಾತೀರ ಅವರೇ, ನೀವು ಬರೆದದ್ದನ್ನು ಓದಿ ಅತ್ತುಬಿಟ್ಟೆ. ಕೋಪಕ್ಕಲ್ಲ. ಆ ಹನ್ನೊಂದು ಪ್ಯಾಕೆಟ್‌ನಲ್ಲಿ ಒಂದು ನಮ್ಮ ಹಿಂದಿನ ಬೀದಿಯ ಅಜ್ಜಿಯ ಹೆಸರಲ್ಲಿತ್ತು. ಅವರಿಗೆ ನೋಟಿಸು ಬಂದಾಗ ಓದಿಸಿಕೊಳ್ಳಲು ನಮ್ಮ ಮನೆಗೇ ಬಂದಿದ್ದರು. ಓದಿ ಹೇಳಿದವಳು ನಾನೇ.

ನಿನ್ನೆ ಅಣ್ಣನ ಜೊತೆ ಹೋಗಿ ಬೇರೆ ವಕೀಲರನ್ನು ನೋಡಿದೆ. ಮನೆ ಬರೆದುಕೊಡುವ ಮಾತು ಇಲ್ಲ ಅಂತ ನಿರ್ದೇಶಕರಿಗೆ ಅವರಿಂದಲೇ ಪತ್ರ ಹೋಗುತ್ತದೆ. ಪೆನ್ನಿನ ವಿಷಯವನ್ನೂ ಅವರ ಮುಂದೆ ಹೇಳಿದೆ. ಪೊಲೀಸರು ಕೇಳಿದರೆ ಕಂಡದ್ದು ಕಂಡ ಹಾಗೆ ಹೇಳುತ್ತೇನೆ ಅಂದೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಅಂದರು.

ಬಳೆಯ ರಸೀದಿ ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಸಿಕ್ಕಿತು. ತಾರೀಕು ನೋಡಿದೆ. ಆ ಭಾನುವಾರ ಆದ ಒಂಬತ್ತು ದಿನಕ್ಕೆ ಕೊಂಡದ್ದು. ಸೋಮವಾರ ವಕೀಲರ ಜೊತೆ ಹೋಗಿ ಬಳೆ, ರಸೀದಿ ಎರಡನ್ನೂ ತನಿಖಾಧಿಕಾರಿಗೆ ಕೊಟ್ಟು ಪಂಚನಾಮೆ ಮಾಡಿಸಿ ಪ್ರತಿ ತೆಗೆದುಕೊಳ್ಳುತ್ತೇನೆ. ಎರಡು ವರ್ಷದಿಂದ ಕೈಯಲ್ಲೇ ಇತ್ತು, ಬಿಚ್ಚಲು ಸೋಪು ಹಚ್ಚಬೇಕಾಯಿತು. ಮಗಳು ನೀರು ಹಾಕಿದಳು, ಯಾಕಮ್ಮ ಅಂತ ಕೇಳಿದಳು. ಅವಳಿಗೆ ಸುಮ್ನಿರು ಅನ್ನಲಿಲ್ಲ. ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.