ನೋವಿನ ಸಾಕ್ಷ್ಯಚಿತ್ರಗಳನ್ನು ಆರಿಸುವುದು ಹೇಗೆ?

ಪ್ರಶ್ನೆ (ಪೆರ್ಲದಿಂದ):
ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಫಲವನ್ನು ಇಂದಿಗೂ ಉಣ್ಣುತ್ತಿರುವ ಕುಟುಂಬಗಳ ನಡುವೆ, ನಮ್ಮ ಗ್ರಂಥಾಲಯದಲ್ಲಿ ಸ್ವತಂತ್ರ ಸಾಕ್ಷ್ಯಚಿತ್ರಗಳ ಪ್ರದರ್ಶನ ಏರ್ಪಡಿಸಬೇಕೆಂದಿದ್ದೇವೆ. ಸಂತ್ರಸ್ತರ ಮನೆಯವರೂ ಬರುವುದರಿಂದ, ಅವರ ಗಾಯವನ್ನು ಕೆದಕದಂತಹ ಚಿತ್ರಗಳನ್ನು ಆರಿಸುವುದು ಹೇಗೆ?

ಉತ್ತರ 1 (ಬದಿಯಡ್ಕದಿಂದ):
ಮಕ್ಕಳ ದೇಹದ ಮೇಲೆ ಕ್ಯಾಮೆರಾ ನಿಲ್ಲಿಸಿ ಕಣ್ಣೀರು ತರಿಸುವ ಚಿತ್ರಗಳನ್ನು ದಯವಿಟ್ಟು ಬಿಟ್ಟುಬಿಡಿ. ಫ್ರೆಂಚ್ ನಿರ್ದೇಶಕ ಕ್ಲೋದ್ ಲಾನ್ಜ್‌ಮನ್ ಅವರ 1985ರ ‘ಶೋಆ’ ಒಂಬತ್ತು ಗಂಟೆಗೂ ಮೀರಿದ ಚಿತ್ರವಾಗಿದ್ದರೂ, ಹಳೆಯ ದೃಶ್ಯಾವಳಿಯನ್ನು ಬಳಸದೆ, ಬದುಕುಳಿದವರ ಮಾತು ಮತ್ತು ಆ ಸ್ಥಳಗಳ ಇಂದಿನ ನೋಟದಿಂದಲೇ ನಾಜಿಗಳು ನಡೆಸಿದ ಯಹೂದಿಗಳ ನರಮೇಧವನ್ನು ಕಣ್ಮುಂದೆ ತರುತ್ತದೆ. ಆದರೆ ಅದರಲ್ಲಿಯೂ, ದುಃಖ ಉಮ್ಮಳಿಸಿ ಮಾತು ನಿಲ್ಲಿಸಿದ, ಬದುಕುಳಿದವರಲ್ಲೊಬ್ಬರಾದ ಕ್ಷೌರಿಕರನ್ನು ಮುಂದುವರಿಸುವಂತೆ ನಿರ್ದೇಶಕರು ಒತ್ತಾಯಿಸುವ ದೃಶ್ಯವಿದೆ. ಅದನ್ನು ನಾನು ಒಪ್ಪಲಾರೆ.

ಉತ್ತರ 2 (ಮುಳ್ಳೇರಿಯದಿಂದ):
ಬದಿಯಡ್ಕದವರ ಮಾತು ಸರಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಆದೇಶಿಸಿದ ಮೇಲೂ ತಾಯಂದಿರು ಧರಣಿ ಕೂರಬೇಕಾಯಿತು. ಅವರನ್ನು ದುಃಖದ ಮೂರ್ತಿಗಳಾಗಿ ಅಲ್ಲ, ಹಕ್ಕು ಕೇಳಿದವರಾಗಿ ತೋರಿಸುವ ಚಿತ್ರ ಬೇಕು. ಮೊದಲು ಮನೆಯವರಿಗೇ ತೋರಿಸಿ, ಅವರು ಬೇಡವೆಂದರೆ ಕೈಬಿಡಿ.

ಪೆರ್ಲದಿಂದ:
ಹಾಗೆಯೇ ಮಾಡುತ್ತೇವೆ. ಮಲಯಾಳಂ ಚಿತ್ರಗಳಿಗೆ ಕನ್ನಡ ಉಪಶೀರ್ಷಿಕೆ ಬರೆದುಕೊಡುವವರು ಯಾರಾದರೂ ಇದ್ದೀರಾ?